ದಶಮಿಯ ಮೊದಲ ಪಾಠ

ಇಲಿ ಮತ್ತೊಮ್ಮೆ ಗಿರಕಿ ಹೊಡೆಯಿತು. ಹಾಡಹಗಲಲ್ಲಿ, ನಡುಮನೆಯ ಸಾರಿಸಿದ ನೆಲದ ಮೇಲೆ, ಎದುರಿಗೆ ಮನುಷ್ಯನೊಬ್ಬ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆಂಬ ಪರಿವೆಯೇ ಇಲ್ಲದೆ. ಅದರ ಹಿಂಗಾಲು ನೆಲಕ್ಕೆ ಎಳೆಯುತ್ತಿತ್ತು.

ದಿಗಂಬರ ಅಲುಗಾಡಲಿಲ್ಲ. ಈ ಹೊತ್ತಿನಲ್ಲಿ ಅಲುಗಾಡಬಾರದೆಂದು ಅವನೇ ಬರೆದಿಟ್ಟಿದ್ದ. ಅವನ ಓದಿನ ಯೋಜನೆಯ ಪ್ರಕಾರ ಬೆಳಗಿನ ಮೊದಲ ಪಾಠ ಸಾಕ್ಷಿತ್ವ: ಕಣ್ಣೆದುರು ಬಂದದ್ದನ್ನು ಬಂದ ಹಾಗೆ ನೋಡುವುದು, ಬೇಕು ಬೇಡ ಎನ್ನದಿರುವುದು, ಕೈ ಹಾಕದಿರುವುದು. ಮೊದಲ ದಿನವೇ ನೋಡಲು ಇಂಥದೊಂದು ಸಿಕ್ಕೀತೆಂದು ಅವನು ಎಣಿಸಿರಲಿಲ್ಲ. ಕಿಟಕಿಗೆ ಗುಬ್ಬಿ ಬಂದೀತು, ಗೋಡೆಯ ಮೇಲಿನ ಬಿಸಿಲು ಕೆಳಗಿಳಿದೀತು, ಅಷ್ಟೇ ಅವನ ಅಂದಾಜು.

ಇಲಿ ಮೂಲೆಯ ಕಡೆ ತೆವಳಿತು. ಅಲ್ಲಿ ಮಣೆಯ ಮೇಲೆ ಅವನ ಪುಸ್ತಕಗಳನ್ನು ಪೇರಿಸಿ, ರೇಷ್ಮೆಯ ಬಟ್ಟೆ ಹೊದಿಸಿ, ಹೂವು ಕುಂಕುಮ ಏರಿಸಿತ್ತು. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕಗಳನ್ನು ದಶಮಿಯವರೆಗೆ ಯಾರೂ ತೆರೆಯುವಂತಿಲ್ಲ. ದಶಮಿಯ ದಿನ ತೆರೆದು ಓದಿದ್ದು ತಲೆಗೆ ಹತ್ತುತ್ತದೆ. ಇಂದು ದಶಮಿ. ದೇವರನ್ನು ನಂಬುವುದನ್ನು ದಿಗಂಬರ ಕಾಲೇಜಿನಲ್ಲೇ ಬಿಟ್ಟಿದ್ದ. ಮುಹೂರ್ತವನ್ನು ನಂಬುವುದನ್ನು ಮಾತ್ರ ಬಿಡಲಾಗಿರಲಿಲ್ಲ.

ಇಲಿ ರೇಷ್ಮೆಯ ಅಂಚಿನ ಕೆಳಗೆ ತಲೆ ತೂರಿಸಿತು. ಪುಸ್ತಕಗಳ ನಡುವಿನ ಸಂದಿಗೆ ಒರಗಿತು. ಅದರ ಪಕ್ಕೆ ಒಂದಷ್ಟು ಹೊತ್ತು ಏರಿಳಿದು ಆಮೇಲೆ ನಿಂತಿತು.

ಅವನು ನೋಡಿದ. ಮನಸ್ಸು ನಿಶ್ಚಲವಾಗಿದ್ದದ್ದನ್ನು ಗಮನಿಸಿದ. ಅದರಿಂದ ತನಗೆ ಸಂತೋಷವಾದದ್ದನ್ನೂ ಗಮನಿಸಿದ. ಪಾಠ ಚೆನ್ನಾಗಿ ಆಯಿತು ಎಂದುಕೊಳ್ಳುವಷ್ಟರಲ್ಲಿ ಅವನಿಗೆ ಹೆದರಿಕೆಯಾಯಿತು.

‘ಇಲಿ ಸತ್ತು ಬಿದ್ದ ಮನೆಯನ್ನು ಆ ಕೂಡಲೇ ಬಿಡತಕ್ಕದ್ದು.’

ಈ ವಾಕ್ಯ ಅವನದೇ. ಸರ್ಕಾರಿ ಕಚೇರಿಯಲ್ಲಿ ಅವನು ಭಾಷಾಂತರದ ಕಾರಕೂನ. ಧಾರವಾಡದ ಕಡೆಯ ಜನರಿಗೆಂದು ಪ್ಲೇಗಿನ ಕರಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದವನು ಅವನು. ‘ಬಿಡತಕ್ಕದ್ದು’ ಎನ್ನುವುದರಲ್ಲಿರುವ ಗತ್ತಿಗೆ ಬರೆಯುವಾಗ ಅವನು ತಾನೇ ತಲೆದೂಗಿದ್ದ. ಅದರ ಕೆಳಗಿನ ವಾಕ್ಯವೂ ನೆನಪಿಗೆ ಬಂತು. ಸತ್ತ ಇಲಿಯ ಮೈ ತಣ್ಣಗಾಗುತ್ತಲೂ ಅದರ ಚಿಗಟಗಳು ಅದನ್ನು ಬಿಟ್ಟು ಬೆಚ್ಚಗಿನ ಮೈಯನ್ನು ಹುಡುಕಿ ಹೊರಡುವುವು. ಆ ವಾಕ್ಯವೂ ಚೆನ್ನಾಗಿ ಬಂದಿತ್ತು.

ಹೊರಗೆ ಭಾವಿಯ ರಾಟೆ ಕಿರುಗುಟ್ಟಿತು. ಅವನ ಹೆಂಡತಿ ಭಾಮಾ ನೀರು ಸೇದುತ್ತಿದ್ದಳು. ಪುಣೆಯ ಶನಿವಾರ ಪೇಠೆಯ ಆ ದೊಡ್ಡ ವಾಡೆಯಲ್ಲಿ ಈಗ ರಾಟೆ ತಿರುಗಿಸುವವಳು ಅವಳೊಬ್ಬಳೇ. ಮನೆಯ ಮಾಲಕರೂ ಉಳಿದ ಬಾಡಿಗೆದಾರರೂ ಬೀಗ ಹಾಕಿಕೊಂಡು ನದಿಯಾಚೆ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಅಂಗಳದ ತುಳಸಿ ಯಾರದು, ಅದಕ್ಕೆ ಯಾರು ನೀರು ಹಾಕಬೇಕು ಎಂಬುದು ತಿಳಿಯದೆ ಅದು ಒಣಗುತ್ತ ಬಂದಿತ್ತು.

ಈಗ ಹೇಳಿಬಿಟ್ಟರೆ? ಭಾಮಾ ತುಂಬಿದ ಕೊಡವನ್ನು ಅಲ್ಲೇ ಇಳಿಸುತ್ತಾಳೆ. ಸಂಜೆಯೊಳಗೆ ಇಬ್ಬರೂ ಗುಡಿಸಲಿನಲ್ಲಿರುತ್ತಾರೆ. ಮುನಿಸಿಪಾಲಿಟಿಯವರು ಬರುತ್ತಾರೆ, ಮಾಡಿನ ಹೆಂಚು ಕಿತ್ತು ಕೋಣೆಗೆ ಬಿಸಿಲು ಬಿಡುತ್ತಾರೆ, ಔಷಧದ ನೀರನ್ನು ಗೋಡೆಗೆ ನೆಲಕ್ಕೆ ಎರಚುತ್ತಾರೆ. ಪುಸ್ತಕಗಳಿಗೂ. ಅಂಗರಚನೆಗೂ ಭೂಗರ್ಭಶಾಸ್ತ್ರಕ್ಕೂ ಅವರಿಗೆ ವ್ಯತ್ಯಾಸ ತಿಳಿಯದು.

ಈ ಯೋಜನೆಯನ್ನು ಅವನು ಇಡೀ ಮಳೆಗಾಲ ಕೂತು ಕಟ್ಟಿದ್ದ. ಆಷಾಢದ ಒಂದು ಮಧ್ಯಾಹ್ನ ಕಚೇರಿಯಲ್ಲಿ ಯಾವುದೋ ಮಾತಿಗೆ ಯಾರೋ ‘ನಿಮಗೇನನಸ್ತದ?’ ಎಂದು ಕೇಳಿದ್ದರು. ದಿಗಂಬರ ಬಾಯಿ ತೆರೆದ. ಒಳಗೆ ಏನೂ ಇರಲಿಲ್ಲ. ಬಿ.ಎ. ಇತ್ತು, ಭಾಷಾಂತರವಿತ್ತು, ಎರಡು ಪತ್ರಿಕೆಗಳ ಅಭಿಪ್ರಾಯವಿತ್ತು. ಅನ್ನಿಸುವವನು ಮಾತ್ರ ಇರಲಿಲ್ಲ. ಅವತ್ತಿನಿಂದ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಆಮೇಲೆ ಅವನು ದಪ್ಪನೆಯ ನಕಾಶೆ ಕಾಗದ ತಂದು, ರೂಲುಕೋಲು ಹಿಡಿದು, ತನ್ನನ್ನು ತಾನೇ ಕಟ್ಟಿಕೊಳ್ಳುವ ಕೆಲಸಕ್ಕೆ ತೊಡಗಿದ. ಸಾಕ್ಷಿತ್ವದ ನಂತರ ತರ್ಕಶಾಸ್ತ್ರ, ಊಟಕ್ಕೆ ಮುಂಚೆ ಅಂಗರಚನೆ, ಸಂಜೆ ತಿರುಗಾಟದಲ್ಲಿ ಕಲ್ಲುಮಣ್ಣುಗಳ ಪರಿಚಯ, ನಕ್ಷತ್ರ ಮೂಡಿದ ಮೇಲೆ ಖಗೋಳ. ಭಾನುವಾರ ಸಂಗೀತ. ಯಾವುದು ಯಾವುದಕ್ಕೆ ಕೂಡಬೇಕೆಂದು ತೋರಿಸುವ ಬಾಣಗಳನ್ನು ಕೆಂಪು ಶಾಯಿಯಲ್ಲಿ ಎಳೆದಿದ್ದ. ಎಲ್ಲ ಬಾಣಗಳೂ ನಡುವಿನ ಒಂದು ಖಾಲಿ ಮನೆಗೆ ಹೋಗಿ ಮುಟ್ಟುತ್ತಿದ್ದವು. ಅಲ್ಲಿ ಏನು ಬರೆಯಬೇಕೆಂಬುದು ಓದಿ ಮುಗಿದ ಮೇಲೆ ತಿಳಿಯಬೇಕಾಗಿತ್ತು.

ಒಂದು ಮೂಲೆಯಲ್ಲಿ ‘ಭಾಮಾಳಿಗೆ ಅಕ್ಷರ’ ಎಂದು ಸೀಸದ ಕಡ್ಡಿಯಲ್ಲಿ ಬರೆದದ್ದೂ ಇತ್ತು. ಅದನ್ನು ಅವಳಿಗೆ ಹೇಳಿಯೂ ಬಿಟ್ಟಿದ್ದ. ಆಮೇಲೆ ಫ್ರೆಂಚಿಗೆ ಜಾಗ ಸಾಲದೆ ಬಂದಾಗ ಅಳಿಸಿದ. ಅಳಿಸಿದ್ದನ್ನು ಹೇಳಿರಲಿಲ್ಲ.

ರಾಟೆಯ ಸದ್ದು ನಿಂತಿತು.

ಅವನು ಎದ್ದ. ಒಲೆಯ ಹತ್ತಿರದ ಇಕ್ಕಳ ತಂದು ಇಲಿಯನ್ನು ಹಿಡಿದೆತ್ತಿದ. ಸುತ್ತಲು ಕಾಗದ ಬೇಕಿತ್ತು. ರೇಷ್ಮೆಯ ಮೇಲೆ ಸುರುಳಿ ಸುತ್ತಿ ಇಟ್ಟದ್ದೊಂದು ಕೈಗೆ ಸಿಕ್ಕಿತು, ದಪ್ಪನೆಯದು, ದೊಡ್ಡದು. ಸುತ್ತಿ, ಮಡಚಿ, ಹೂವಿನ ಪುಡಿಕೆಯ ದಾರ ಬಿಗಿದ. ಗಂಟು ಹಾಕಿದ ಮೇಲೆ ಹೊರಬದಿಗೆ ಬಂದ ಕೆಂಪು ಬಾಣವೊಂದು ಕಣ್ಣಿಗೆ ಬಿತ್ತು.

ಬಿಚ್ಚಲು ಹೊತ್ತಿರಲಿಲ್ಲ. ಗೂಟಕ್ಕೆ ತೂಗುಹಾಕಿದ್ದ ಕರಿಯ ಕೋಟಿನ ಒಳಜೇಬಿಗೆ ಅದನ್ನು ಇಳಿಬಿಟ್ಟು ಬಂದು ಮೊದಲಿನಂತೆಯೇ ಕೂತ.

“ಮುಗೀತೇನ್ರಿ ನಿಮ್ಮ ಜಪ?” ಭಾಮಾ ಹೊಸ್ತಿಲು ದಾಟಿದಳು. ಸೊಂಟದ ಕೊಡದಿಂದ ನೀರು ತುಳುಕಿ ಸೀರೆ ಒದ್ದೆಯಾಗಿತ್ತು.

“ಜಪ ಅಲ್ಲ ಅದು.”

“ಪುಸ್ತಕಾ ತಗದ್ರೇನು?”

“ನಾನ ತಗೀತೀನಿ. ನೀ ಮುಟ್ಟಬ್ಯಾಡ.”

“ನಾ ಯಾಕ ಮುಟ್ಟಲಿ.” ಅವಳು ಕೊಡ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಕಾಳಿನಂಗಡಿ ಹೊಳಬಸಪ್ಪನವರು ಸಂಜೀಕೆ ಗಾಡಿ ತರ್ತಾರ. ಅವರ ಗುಡಿಸಲದ ಮಗ್ಗಲಕ ಒಂದು ಖಾಲಿ ಅದ ಅಂತ.”

“ಹೂಂ.”

“ಹೂಂ ಅಂದ್ರ? ಹೋಗೋದೋ, ಇಲ್ಲೇ ಇರೋದೋ?”

“ನೋಡೋಣ.”

“ಇಷ್ಟು ದೊಡ್ಡ ವಾಡೇದಾಗ ನಾವಿಬ್ಬರ ಉಳದೀವಿ. ನಾ ಸೇದೋ ಹಗ್ಗದ ಸಪ್ಪಳಕ್ಕ ನಾನ ಅಂಜತೀನ್ರಿ.”

“ಅಲ್ಲಿ ಪುಸ್ತಕಾ ಇಡ್ಲಿಕ್ಕೆ ಜಾಗಾ ಎಲ್ಲದ? ಗಾಳಿ, ಧೂಳಿ, ಮಂದಿ. ಇವತ್ತ ಸುರು ಮಾಡಬೇಕಾದದ್ದು ಇದು.”

“ನಿಮಗೇನು, ಸೂಜಿ ಹಾಕಿಸ್ಕೊಂಡೀರಿ,” ಎಂದಳು. ದೂರುವ ಧ್ವನಿಯಲ್ಲ, ಇವತ್ತು ಬದನೆಕಾಯಿ ಇಲ್ಲ ಎನ್ನುವ ಹಾಗೆ.

ಕಚೇರಿಯವರು ಎಲ್ಲ ಕಾರಕೂನರಿಗೂ ಪ್ಲೇಗಿನ ಸೂಜಿ ಹಾಕಿಸಿದ್ದರು. ಹೆಂಗಸರಿಗೆ ದವಾಖಾನೆಯಲ್ಲಿ ಬೇರೆ ದಿನ ಗೊತ್ತಾಗಿತ್ತು. ಅವತ್ತು ಭಾಮಾ ಬೇಗ ಅಡಿಗೆ ಮುಗಿಸಿ, ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ದಿಗಂಬರ ಬಾಣಗಳನ್ನು ಎಳೆಯುತ್ತಿದ್ದ. ಶಾಯಿ ಹಸಿ ಇತ್ತು, ಎದ್ದರೆ ಒರೆಸಿಹೋಗುತ್ತಿತ್ತು. ಮುಂದಿನ ಸಲ ಹೋದರಾಯಿತು ಅಂದಿದ್ದ. ಅವಳು ಸೀರೆ ಬದಲಿಸಿ ಬಂದು ಅವನಿಗೆ ಊಟಕ್ಕೆ ಹಾಕಿದ್ದಳು.

ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇತ್ತು. ರುಚಿ ಗೊತ್ತಾಗಲಿಲ್ಲ. ಗೂಟದ ಮೇಲಿನ ಕೋಟಿನ ಕಡೆ ನೋಡಬಾರದೆಂದು ಅವನು ನಿಶ್ಚಯಿಸಿದ್ದ. ಆದ್ದರಿಂದ ಊಟವಿಡೀ ಅದನ್ನೇ ನೋಡಿದ.

ಬಿಸಿಲು ಇಳಿಮುಖವಾದಾಗ ರುಮಾಲು ಸುತ್ತಿ ಕೋಟು ತೊಟ್ಟ. ದಶಮಿಯ ಸಂಜೆ ಊರ ಗಡಿ ದಾಟಿ ಬನ್ನಿ ತರುವುದು ಪದ್ಧತಿ. ಸೀಮೋಲ್ಲಂಘನಕ್ಕೆ ಹೋಗಿ ಬರುತ್ತೇನೆಂದು ಹೇಳಿದ.

“ಕಿಸೇದಾಗ ಏನದು ಉಬ್ಬೇದ?”

“ಆಫೀಸಿಂದು.”

“ಹಬ್ಬದ ದಿವಸನೂ?” ಎಂದಷ್ಟೇ ಅಂದು ಅವಳು ಕೋಟಿನ ತೋಳಿಗೆ ಅಂಟಿದ ಧೂಳನ್ನು ಕೈಯಿಂದ ಕೊಡವಿದಳು.

ಲಕಡಿ ಪೂಲ ಎಂಬ ಸೇತುವೆ ದಾಟುವಾಗ ನದಿಯ ಗಾಳಿ ಮುಖಕ್ಕೆ ಬಡಿಯಿತು. ಬೇರೆ ವರ್ಷಗಳಲ್ಲಾದರೆ ಇಷ್ಟು ಹೊತ್ತಿಗೆ ಇಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಇಡೀ ಪುಣೆ ಗಡಿ ದಾಟಿ ಹೋಗಿ, ಕತ್ತಲಾಗುವ ಮುಂಚೆ ಮನೆಗೆ ತಿರುಗುತ್ತಿತ್ತು. ಈ ವರ್ಷ ಊರು ಮೊದಲೇ ಗಡಿ ದಾಟಿ ಆಚೆ ಕೂತಿತ್ತು. ಹೊಲಗಳ ತುಂಬ ಗುಡಿಸಲು. ಮರಳಿ ಹೋಗಬೇಕಾದವನು ತಾನೊಬ್ಬನೇ ಎನ್ನಿಸಿ ಅವನಿಗೆ ಸ್ವಲ್ಪ ಹೆಮ್ಮೆಯಾಯಿತು. ಎಲ್ಲರೂ ಓಡುವಾಗ ಓಡದಿರುವುದು ಒಂದು ಗುಣವೇ ಇರಬೇಕು.

“ಏ ದಿಗಂಬರರಾವ!”

ಬಾಳಕೃಷ್ಣ. ಕಚೇರಿಯಲ್ಲಿ ಅವನ ಪಕ್ಕದ ಮೇಜಿನವ, ಬೆಳಗಾವಿಯವ. ಬನ್ನಿಯ ಎಲೆಗಳನ್ನು ಕೈಯಲ್ಲಿ ತುರುಕಿ, “ತಗೋ, ಬಂಗಾರದ್ಹಾಂಗ ಇರೋಣು,” ಎನ್ನುತ್ತ ಗಟ್ಟಿಯಾಗಿ ತಬ್ಬಿಕೊಂಡ. ಇಬ್ಬರ ಎದೆಗಳ ನಡುವೆ ಪೊಟ್ಟಣ ಸಿಕ್ಕಿಕೊಂಡಿತು. ಅದರೊಳಗಿನದು ಮೆತ್ತಗೆ ಒತ್ತಿದ್ದು ದಿಗಂಬರನಿಗೆ ಅಂಗಿಯ ಆಚೆಯಿಂದ ಗೊತ್ತಾಯಿತು.

“ಎದಿಗೇನು ಇಟಗೊಂಡೀಯೋ?”

“ಕಾಗದ.”

“ಇವತ್ತೂ ಬಿಡಲಿಲ್ಲಲ್ಲ ನೀ!” ಬಾಳಕೃಷ್ಣ ನಕ್ಕ. ಆಮೇಲೆ ಧ್ವನಿ ಇಳಿಸಿ, “ನಿನಗ ಹೇಳಬೇಕಂದಿದ್ದೆ. ನಮ್ಮ ಮನ್ಯಾಗ ಇಲಿ ಬಿದ್ದಾಗ ಏನು ಮಾಡಬೇಕು ತಿಳೀಲಿಲ್ಲ. ನಮ್ಮವ್ವ ಒಲ್ಲೆ ಅಂತ ಹಟಾ ಹಿಡದಿದ್ಲು. ನಿನ್ನ ಕರಪತ್ರ ಓದಿ ಹೇಳಿದೆ. ‘ಆ ಕೂಡಲೇ ಬಿಡತಕ್ಕದ್ದು.’ ಎದ್ದು ಬಂದ್ಲು ನೋಡು. ಭಾಳ ಛಲೋ ಬರದೀಯಪಾ.”

“ಎಲ್ಲಾರೂ ಆರಾಮೇನು?”

“ಆರಾಮ. ನೀವು ಯಾವಾಗ ಬರ್ತೀರಿ?”

“ನೋಡೋಣ.”

ದಿಗಂಬರನಿಗೆ ಹೊಗಳಿಕೆ ಹಿತವಾಗಿತ್ತು. ಮುಂದೆ ನಡೆಯುತ್ತ ‘ಬಿಡತಕ್ಕದ್ದು’ ಎಂದು ಬಾಯಲ್ಲಿ ಒಮ್ಮೆ ಅಂದುಕೊಂಡ. ಆ ಹಿತದ ಜೊತೆಗೇ ನಾಚಿಕೆಯೂ ಬಂತು. ಎರಡನ್ನೂ ಅವನು ಗಮನಿಸಿದ. ಗಮನಿಸಿದ್ದರಿಂದ ಎರಡೂ ತಕ್ಕಮಟ್ಟಿಗೆ ಕಡಿಮೆಯಾದವು.

ಗುಡಿಸಲುಗಳಿಂದ ದೂರದಲ್ಲಿ ಒಂದು ಹಳ್ಳ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಪೊಟ್ಟಣವನ್ನು ತೆಗೆದು ಎಸೆದ. ನೀರಿಗೆ ಬೀಳಲಿಲ್ಲ. ಜಾಲಿಯ ಮುಳ್ಳಿಗೆ ಸಿಕ್ಕಿ, ದಾರ ಜಾರಿ, ಕಾಗದ ಬಿಚ್ಚಿಕೊಂಡಿತು. ಇಲಿ ಕೆಳಗೆ ಬಿತ್ತು. ಯೋಜನೆ ಮೇಲೆ ಉಳಿಯಿತು, ಗಾಳಿಗೆ ಅಲ್ಲಾಡುತ್ತ. ಅಷ್ಟು ದೂರದಿಂದ ಬರಹ ಕಾಣುತ್ತಿರಲಿಲ್ಲ. ನಡುವಿನ ಖಾಲಿ ಮನೆ ಮಾತ್ರ ಕಾಣುತ್ತಿತ್ತು.

ಪರವಾಗಿಲ್ಲ, ಇನ್ನೊಮ್ಮೆ ಬರೆದರಾಯಿತು ಎಂದುಕೊಂಡ. ಹಿಂತಿರುಗುವ ದಾರಿಯಲ್ಲಿ ಅದನ್ನು ಮನಸ್ಸಿನಲ್ಲೇ ಮೊದಲಿನಿಂದ ಬರೆಯತೊಡಗಿದ. ಸಾಕ್ಷಿತ್ವ. ಅದರ ನಂತರ? ತರ್ಕವೋ ಸಂಸ್ಕೃತವೋ? ಬಾಣ ಎಲ್ಲಿಂದ ಎಲ್ಲಿಗೆ? ಸೇತುವೆಯ ನಡುವೆ ನಿಂತು ಹಣೆ ಒತ್ತಿಕೊಂಡ. ಇಡೀ ಮಳೆಗಾಲ ಕಟ್ಟಿದ್ದರಲ್ಲಿ ಒಂದೇ ಒಂದು ಪಾಠ ಉಳಿದಿತ್ತು, ಅದು ನೋಡುವುದು. ಅವನಿಗೆ ಅಳು ಬರುವ ಹಾಗಾಯಿತು, ಬರಲಿಲ್ಲ.

ವಾಡೆಯ ಮುಂದೆ ಗಾಡಿ ನಿಂತಿತ್ತು. ಎತ್ತುಗಳ ಕೊರಳ ಗಂಟೆ ಖಾಲಿ ಓಣಿಯಲ್ಲಿ ಬೇಕಾದದ್ದಕ್ಕಿಂತ ಗಟ್ಟಿಯಾಗಿ ಕೇಳುತ್ತಿತ್ತು. ಕಾಳಿನ ವ್ಯಾಪಾರಿ ಹೊಳಬಸಪ್ಪ ಮೂಕಿಯ ಮೇಲೆ ಕೈಯೂರಿ ನಿಂತಿದ್ದ. ವಿಜಾಪುರದ ಕಡೆಯವ, ಪುಣೆಯಲ್ಲಿ ಕನ್ನಡ ಆಡುವ ಯಾರನ್ನು ಕಂಡರೂ ತನ್ನ ಮನೆಯವರೆಂದೇ ತಿಳಿಯುವ ಮನುಷ್ಯ. ಬಾಗಿಲಲ್ಲಿ ಭಾಮಾ, ಕಾಲ ಬಳಿ ಒಂದು ಗಂಟು. ಕೇಳದೆಯೇ ಕಟ್ಟಿದ್ದಳು. ಅವನು ಏನಾದರೂ ಅಂದಾನೆಂದು ಅದನ್ನು ಅರ್ಧ ಬಾಗಿಲ ಮರೆಗೆ ಸರಿಸಿದ್ದಳು.

“ಶರಣ್ರಿ ರಾಯರ. ಬನ್ನಿ ತಗೋರಿ, ಬಂಗಾರದಂಗ ಇರೂನು.” ಹೊಳಬಸಪ್ಪ ಎಲೆ ಕೊಟ್ಟ. “ಒಂದು ಮಾತು ಕೇಳತೀನಿ, ತಪ್ಪು ತಿಳೀಬ್ಯಾಡ್ರಿ. ಮನ್ಯಾಗ ಇಲಿ ಬಿದ್ದೈತೇನ್ರಿ?”

“ಯಾಕ?”

“ಬಿದ್ದಿದ್ರ ಸಾಮಾನು ಏನೂ ಗಾಡಿಗೆ ಹಾಕೂ ಹಂಗಿಲ್ರಿ. ಉಟ್ಟ ಬಟ್ಟಿ ಮ್ಯಾಲ ಬರಬೇಕು. ಅಲ್ಲಿ ಮೈ ತೊಳಕೊಳ್ಳಾಕ ಬಿಸಿನೀರು, ಉಡಾಕ ಬ್ಯಾರೆ ಕೊಡತೀವಿ. ಹಿರ್ಯಾರು ಕೂಡಿ ಹಂಗ ಠರಾಯಿಸ್ಯಾರ.”

“ಪುಸ್ತಕಾ?”

“ಏನೂ ಇಲ್ರಿ. ಜೀವ ಅಷ್ಟ.” ಅವನು ಮುಂಡಾಸ ಸರಿಮಾಡಿಕೊಂಡ. “ಬಿದ್ದಿಲ್ಲಂದ್ರ ಅವಸರ ಇಲ್ರಿ ನಿಮಗ. ಖಾಲಿ ಇರೂದು ಒಂದ ಗುಡಿಸಲಾ. ನಮ್ಮ ಕಲ್ಲವ್ವನ ಮನ್ಯಾಗ ಮುಂಜಾನೆ ಇಲಿ ಬಿದ್ದಾವ, ಸಣ್ಣ ಮಕ್ಕಳ ಮನಿ. ಹಂಗಾದ್ರ ಮೊದಲ ಅವರನ್ನ ಕರಕೊಂಡು ಹೋಗತೀನಿ. ನಿಮ್ಮ ಸಲುವಾಗಿ ಇನ್ನೊಂದು ಕಟ್ಟಿದ ಮ್ಯಾಲ ಬರತೀನಿ. ಏನಂತೀರಿ?”

ದಿಗಂಬರ ಭಾಮಾಳನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅನುಮಾನವಿರಲಿಲ್ಲ, ಆಸೆಯಿತ್ತು; ಆಸೆಯನ್ನು ತೋರಿಸಬಾರದೆಂಬ ಸಂಕೋಚವಿತ್ತು. ಒಂದು ಮಾತು ಸಾಕಾಗಿತ್ತು. ಆ ಮಾತನ್ನು ಆಡಿದರೆ ಅವಳು ಗಂಟನ್ನೂ ಬಿಟ್ಟು, ಬರಿಗೈಯಲ್ಲಿ, ಗಾಡಿ ಏರಿಬಿಡುತ್ತಿದ್ದಳು. ಒಳಗಿನ ಮಣೆಯ ಮೇಲೆ ಪುಸ್ತಕಗಳು ಉಳಿಯುತ್ತಿದ್ದವು. ಮುಂಜಾನೆ ಬಿದ್ದದ್ದನ್ನು ಸಂಜೆಯವರೆಗೆ ಯಾಕೆ ಹೇಳಲಿಲ್ಲ ಎಂದು ಈ ಮನುಷ್ಯ ಕೇಳುತ್ತಿದ್ದ. ಅವಳೂ ಕೇಳುತ್ತಿದ್ದಳು. ಅಥವಾ ಕೇಳುತ್ತಿರಲಿಲ್ಲ, ಅದು ಇನ್ನೂ ಕಷ್ಟ.

ತನ್ನ ಬಾಯಿ ತೆರೆಯುವುದನ್ನು ಅವನು ಗಮನಿಸಿದ. ತಾನು ಸುಳ್ಳು ಹೇಳಲಿದ್ದೇನೆ ಎಂಬುದೂ ಅವನಿಗೆ ಸ್ಪಷ್ಟವಾಗಿ, ಯಾವ ಗಡಿಬಿಡಿಯೂ ಇಲ್ಲದೆ ತಿಳಿಯಿತು. ಇಷ್ಟು ಎಚ್ಚರ ಅವನಿಗೆ ಹಿಂದೆಂದೂ ಆಗಿರಲಿಲ್ಲ.

“ಇಲ್ಲ,” ಎಂದ. “ನಮ್ಮ ಮನ್ಯಾಗ ಬಿದ್ದಿಲ್ಲ.”

“ಶಿವಾ ದೊಡ್ಡಾವ. ಛಲೋ ಆತು ಬಿಡ್ರಿ.” ಹೊಳಬಸಪ್ಪನಿಗೆ ನಿಜವಾಗಿಯೂ ಸಂತೋಷವಾಗಿತ್ತು. “ಯವ್ವಾ, ಹೆದರಬ್ಯಾಡ್ರಿ. ಲಗೂನ ಬರತೀನಿ.”

ಇಕ್ಕಟ್ಟಾದ ಓಣಿ, ಗಾಡಿ ತಿರುಗಿಸಲು ಹೊತ್ತು ಹಿಡಿಯಿತು. ಎತ್ತುಗಳು ಹಿಂದೆ ಮುಂದೆ ಕಾಲು ತುಳಿದವು, ಗಾಲಿ ಕಟ್ಟೆಗೆ ತಾಗಿತು. ಆ ಹೊತ್ತೆಲ್ಲ ದಿಗಂಬರ ಅಲ್ಲೇ ನಿಂತಿದ್ದ.

ಒಳಗೆ ಬಂದಾಗ ಭಾಮಾ ದೀಪ ಹಚ್ಚಿದ್ದಳು. ಗಂಟನ್ನು ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದಳು. ಮುಖ ಸಪ್ಪಗಿತ್ತು, ಆದರೆ ಬಹಳ ಹೊತ್ತು ಸಪ್ಪಗಿರುವುದು ಅವಳಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಮುಚ್ಚಿ, ಕೈ ತೊಳೆದುಕೊಂಡು, ಮಣೆಯ ಮುಂದೆ ಬಂದು ಕೂತಳು.

“ಹೋಗೋದಂತೂ ಇಲ್ಲ. ಹಂಗಾದ್ರ ನನ್ನದೂ ಇವತ್ತ ಸುರು ಮಾಡ್ರಿ.”

“ಏನು?”

“ದಶಮಿ ದಿವಸ ಅಕ್ಷರಾ ಕಲಸ್ತೀನಿ ಅಂದಿದ್ರಲ್ಲ. ಮರತ್ರೇನು? ಅ ಆ ಇ ಈ ನನಗ ಬರ್ತಾವ. ನಮ್ಮಣ್ಣ ಓದೋವಾಗ ಕದ್ದು ಕೇಳಿದ್ದು.”

ಅವಳು ರೇಷ್ಮೆಯ ಬಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ಮುಟ್ಟಬ್ಯಾಡ ಎಂದು ಬೆಳಿಗ್ಗೆ ಹೇಳಿದ್ದ. ಈಗ ಹೇಳಬೇಕಾದರೆ ಯಾಕೆ ಎಂದೂ ಹೇಳಬೇಕಾಗಿತ್ತು. ಅವನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ. ಅವಳು ದಪ್ಪ ಪುಸ್ತಕಗಳನ್ನು ಬಿಟ್ಟು, ಸಂದಿಯಲ್ಲಿದ್ದ ತೆಳ್ಳನೆಯದನ್ನು ಎಳೆದು ತೆಗೆದಳು. ಅದು ಅವನ ಕರಪತ್ರ. ಅವನು ಬರೆದು ಅಚ್ಚಾದದ್ದು ಅದೊಂದೇ ಎಂದು ಪೂಜೆಗೆ ಅವಳೇ ಇಟ್ಟಿದ್ದಳು.

“ನೀವು ಬರದದ್ದ ಮೊದಲು ಓದ್ತೀನಿ.” ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ತೊಡೆಯ ಮೇಲೆ ಅದನ್ನು ಬಿಡಿಸಿಟ್ಟು ಬೆರಳು ಇಟ್ಟಳು. “ಇ... ಇದು ಇ. ಇದರ ಮುಂದಿಂದು? ಲ... ಲಿ. ಹೌದಲ್ರಿ? ಇ, ಲಿ...”

“ಹೌದು.”

ಅವಳು ಹಿಗ್ಗಿದಳು. ಮುಂದಿನ ಅಕ್ಷರಕ್ಕೆ ಬೆರಳು ಸರಿಸಿ, ಹುಬ್ಬು ಗಂಟಿಕ್ಕಿ ಬಗ್ಗಿ ನೋಡಿದಳು. ಆಮೇಲೆ ಚಿಕ್ಕ ಹುಡುಗಿಯ ಹಾಗೆ ನಕ್ಕಳು.

“ಇಲ್ಲಿ ನೋಡ್ರಿ! ಅಕ್ಷರ ಜಿಗೀಲಿಕ್ಕತ್ತಾವ.”

ಹಾಳೆಯ ಮೇಲೆ ಕರಿಯ ಚುಕ್ಕೆಯೊಂದು ಸಾಲಿನಿಂದ ಸಾಲಿಗೆ ಹಾರಿತು. ಇನ್ನೊಂದು. ಅವಳ ಬೆರಳು ಅದರ ಬೆನ್ನು ಹತ್ತಿತು, ಅದು ತಪ್ಪಿಸಿಕೊಂಡಿತು. ಓಣಿಯ ತುದಿಯಲ್ಲಿ ಎತ್ತಿನ ಗಂಟೆ ಇನ್ನೂ ಕೇಳುತ್ತಿತ್ತು. ಕೂಗಿದರೆ ನಿಲ್ಲುವಷ್ಟು ಹತ್ತಿರ.

ದಿಗಂಬರ ನೋಡುತ್ತಿದ್ದ.

ಭಾಮಾ ಬಲಗೈಯನ್ನು ಎತ್ತಿ ದೀಪದ ಬೆಳಕಿಗೆ ಹಿಡಿದಳು. ಬಳೆಗಳ ಕೆಳಗೆ, ಮಣಿಕಟ್ಟಿನ ಬಿಳಿಯ ಚರ್ಮದ ಮೇಲೆ, ಒಂದು ಚುಕ್ಕೆ ಅಲುಗದೆ ಕೂತಿತ್ತು.

“ಇದು ಯಾವ ಅಕ್ಷರರೀ?” ಎಂದು ಕೇಳಿದಳು.